ಬಂದ ಗಾಳಿ ಹೊರಗೆ ಹೋಗಬೇಕು



ಊರಾಚೆಯ ಬಯಲಿನಲ್ಲಿ ಟ್ರಾನ್ಸ್‌ಮಿಟರ್ ಹಿಡಿದು, ಕತ್ತೆತ್ತಿ ನಿಂತವರನ್ನು ನೀವು ನೋಡಿರಬಹುದು. ಮೇಲೆ ಐದಾರು ಅಡಿ ರೆಕ್ಕೆಯ ವಿಮಾನವೊಂದು ಗುಂಯ್‌ಗುಡುತ್ತ ಸುತ್ತು ಹಾಕುತ್ತಿರುತ್ತದೆ. ಅದು ಹೇಗೆ ಹಾರುತ್ತದೆ, ರೇಡಿಯೊ ಅಲೆ ಅದನ್ನು ಹೇಗೆ ತಿರುಗಿಸುತ್ತದೆ ಎಂದು ಕೇಳುವವರು ಬಹಳ ಮಂದಿ. ಅದರ ಮೂತಿಯೊಳಗೆ ಗಾಳಿ ಹೇಗೆ ಓಡಾಡುತ್ತದೆ ಎಂದು ಕೇಳುವವರು ಕಡಿಮೆ. ಇವತ್ತಿನ ಮಾತು ಅದರ ಬಗ್ಗೆ. ಎಂಜಿನ್‌ನ ಮೇಲೆ ಕೂರುವ ಫೈಬರ್‌ಗ್ಲಾಸ್ ಹೊದಿಕೆಗೆ ಹವ್ಯಾಸಿಗಳೆಲ್ಲ ಕೌಲ್ ಎನ್ನುತ್ತೇವೆ. ಅದನ್ನು ಅಳೆದು, ಕತ್ತರಿಸಿ, ವಿಮಾನಕ್ಕೆ ಕೂರಿಸುವ ಕೆಲಸದ ಬಗ್ಗೆ ಮಾತನಾಡುತ್ತೇನೆ.

ಇದನ್ನು ಕೊನೆಯ ಅಲಂಕಾರ ಎಂದುಕೊಂಡವರೇ ಹೆಚ್ಚು. ವಿಮಾನ ಕಟ್ಟಿಯಾಗಿದೆ, ಫಿಲ್ಮ್ ಹೊದಿಸಿಯಾಗಿದೆ, ಎಂಜಿನ್ ಬಿಗಿದು ಸರ್ವೊಗಳನ್ನೆಲ್ಲ ಜೋಡಿಸಿಯಾಗಿದೆ. ಉಳಿದಿರುವುದು ಇದೊಂದೇ, ಹಾರಿಸುವ ಆತುರವೂ ಬಂದುಬಿಟ್ಟಿರುತ್ತದೆ. ಎಂಜಿನ್ ತಾಗಿದಲ್ಲೆಲ್ಲ ಕತ್ತರಿಸುತ್ತ ಹೋದರೆ ಕೌಲ್ ಬೇಗನೆ ಕೂರುತ್ತದೆ, ನಿಜ. ಆದರೆ ಹಾಗೆ ಕೂತ ಕೌಲ್‌ನಲ್ಲಿ ಎಂಜಿನ್ ಬೇಯುತ್ತದೆ. ಹೊದಿಕೆಯಲ್ಲಿ ಕೊರೆಯುವ ಒಂದೊಂದು ತೂತೂ ಗಾಳಿಗೆ ಒಂದು ದಾರಿ. ಯಾವುದು ಒಳದಾರಿ, ಯಾವುದು ಹೊರದಾರಿ, ನಡುವೆ ಗಾಳಿ ಯಾರನ್ನು ಮುಟ್ಟಿಕೊಂಡು ಹೋಗಬೇಕು ಎಂದು ಮೊದಲು ಯೋಚಿಸಿ, ಆಮೇಲೆ ಕೈಗೆ ಉಪಕರಣ ತೆಗೆದುಕೊಳ್ಳಬೇಕು ಎಂಬುದು ನನ್ನ ಗಟ್ಟಿ ನಂಬಿಕೆ.

ದೊಡ್ಡ ವಿಮಾನಗಳವರೂ ಇದನ್ನು ಕಷ್ಟಪಟ್ಟೇ ಕಲಿತರು. 1920ರ ದಶಕದಲ್ಲಿ ಗಾಳಿಯಿಂದ ತಣಿಯುವ ಎಂಜಿನ್‌ಗಳ ಸಿಲಿಂಡರ್‌ಗಳು ಬಯಲಿಗೆ ಚಾಚಿಕೊಂಡಿರುತ್ತಿದ್ದವು. ಮುಚ್ಚಿದರೆ ಕಾಯುತ್ತದೆ, ತೆರೆದಿದ್ದರೆ ತಣ್ಣಗಿರುತ್ತದೆ ಎಂಬುದು ಆಗಿನ ಎಣಿಕೆ. ಅಮೆರಿಕದ ವರ್ಜೀನಿಯಾದಲ್ಲಿ ನಾಕಾ ಸಂಸ್ಥೆಯ ಲ್ಯಾಂಗ್ಲಿ ಪ್ರಯೋಗಾಲಯವಿತ್ತು. ಇವತ್ತಿನ ನಾಸಾಕ್ಕೆ ನಾಕಾವೇ ಹಿರಿಯ. ಅಲ್ಲಿ 20 ಅಡಿ ಅಗಲದ ಗಾಳಿ ಸುರಂಗದಲ್ಲಿ ಫ್ರೆಡ್ ವೀಕ್ ಮತ್ತು ಜೊತೆಗಾರರು ಪೂರ್ತಿ ತೆರೆದ ಎಂಜಿನ್‌ನಿಂದ ಪೂರ್ತಿ ಮುಚ್ಚಿದ ಎಂಜಿನ್‌ವರೆಗೆ ಬಗೆಬಗೆಯ ಹೊದಿಕೆಗಳನ್ನು ಪರೀಕ್ಷಿಸಿದರು. ಗಾಳಿಯನ್ನು ಮುಂದಿನಿಂದ ಒಳಕ್ಕೆ ಬಿಟ್ಟುಕೊಂಡು, ಸಿಲಿಂಡರ್‌ಗಳ ಮೈಗೆ ತಾಗಿಸಿ, ಹಿಂದಿನ ಕಿರು ಸಂದಿಯಿಂದ ಹೊರಕ್ಕೆ ಜಾರಿಸುವ ಹೊದಿಕೆ ಎಂಜಿನನ್ನು ತಣ್ಣಗೂ ಇಟ್ಟಿತು, ಗಾಳಿಯ ತಡೆಯನ್ನೂ ಬಹಳ ಇಳಿಸಿತು. 1928ರಲ್ಲಿ ಕರ್ಟಿಸ್ ಹಾಕ್ ವಿಮಾನವೊಂದಕ್ಕೆ ಅದನ್ನು ತೊಡಿಸಿದಾಗ ವೇಗ ಗಂಟೆಗೆ 118 ಮೈಲಿಯಿಂದ 137 ಮೈಲಿಗೆ ಏರಿತು. ಎಂಜಿನ್ ಅದೇ, ಇಂಧನ ಅದೇ. ಮುಂದಿನ ವರ್ಷದ ಫೆಬ್ರವರಿಯಲ್ಲಿ ಫ್ರಾಂಕ್ ಹಾಕ್ಸ್ ಇಂಥದೇ ಹೊದಿಕೆಯ ಲಾಕ್‌ಹೀಡ್ ಏರ್ ಎಕ್ಸ್‌ಪ್ರೆಸ್ ವಿಮಾನದಲ್ಲಿ ಲಾಸ್ ಏಂಜಲಿಸ್‌ನಿಂದ ನ್ಯೂಯಾರ್ಕ್‌ಗೆ 18 ಗಂಟೆ 13 ನಿಮಿಷದಲ್ಲಿ ತಲುಪಿ ದಾಖಲೆ ಮಾಡಿದರು. 1929ರ ಕಾಲಿಯರ್ ಟ್ರೋಫಿ ಈ ಹೊದಿಕೆಗಾಗಿಯೇ ನಾಕಾ ಸಂಸ್ಥೆಗೆ ಸಂದಿತು. ತಗಡಿನ ಒಂದು ಚಿಪ್ಪು ಇಷ್ಟು ಮಾಡಬಲ್ಲದು ಎಂದು ಅದಕ್ಕೆ ಮೊದಲು ಊಹಿಸಿದವರು ಕಡಿಮೆ.

ಈಗ ನಮ್ಮ ಕೆಲಸದ ಮೇಜಿಗೆ ಬರೋಣ. ಉದಾಹರಣೆಗೆ ಪುಷ್ಪಕ್ ವಿಮಾನದ ಮಾದರಿಯನ್ನೇ ತೆಗೆದುಕೊಳ್ಳುತ್ತೇನೆ. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಾಗಿ 1958ರ ಸೆಪ್ಟೆಂಬರ್‌ನಲ್ಲಿ ಮೊದಲು ಹಾರಿದ ಎರಡು ಸೀಟಿನ ವಿಮಾನ ಅದು. ದೇಶದ ಫ್ಲೈಯಿಂಗ್ ಕ್ಲಬ್‌ಗಳಲ್ಲಿ ಎಷ್ಟೋ ಪೈಲಟ್‌ಗಳು ಹಾರಾಟ ಕಲಿತದ್ದು ಅದರಲ್ಲೇ. ರೆಕ್ಕೆಯ ಉದ್ದ 36 ಅಡಿ. ಆರರಲ್ಲೊಂದು ಪಾಲಿನ ಅಳತೆಗೆ ಇಳಿಸಿದರೆ ಮಾದರಿಯ ರೆಕ್ಕೆ ಸರಿಯಾಗಿ 6 ಅಡಿ. ನಮ್ಮಲ್ಲಿ ಅರವತ್ತರ ಎಂಜಿನ್ ಎನ್ನುವ, ಸುಮಾರು 10 ಸಿ.ಸಿ.ಯ ಎರಡು ಸ್ಟ್ರೋಕ್ ಗ್ಲೋ ಎಂಜಿನ್ ಇದಕ್ಕೆ ಒಪ್ಪುತ್ತದೆ.

ತೊಡಕು ಇಲ್ಲಿಯೇ ಶುರುವಾಗುತ್ತದೆ. ನಿಜವಾದ ಪುಷ್ಪಕ್‌ನಲ್ಲಿರುವುದು 90 ಅಶ್ವಶಕ್ತಿಯ ಕಾಂಟಿನೆಂಟಲ್ ಎಂಜಿನ್. ನಾಲ್ಕು ಸಿಲಿಂಡರ್‌ಗಳು ಎಡಕ್ಕೆ ಎರಡು, ಬಲಕ್ಕೆ ಎರಡರಂತೆ ಅಡ್ಡಡ್ಡ ಮಲಗಿರುತ್ತವೆ. ಪ್ರೊಪೆಲ್ಲರ್‌ನ ಎರಡೂ ಪಕ್ಕದ ಬಾಯಿಗಳಿಂದ ಬಂದ ಗಾಳಿ ಎರಡೂ ಸಾಲಿಗೆ ಹಂಚಿಕೆಯಾಗುತ್ತದೆ. ನಮ್ಮ ಮಾದರಿಯಲ್ಲಿ ಇರುವುದು ಒಂದೇ ಸಿಲಿಂಡರ್. ಅದನ್ನು ನೆಟ್ಟಗೆ ನಿಲ್ಲಿಸಿದರೆ ತಲೆ ಮೇಲೆ ಎದ್ದು ಕಂಡು ವಿಮಾನದ ಅಂದ ಕೆಡುತ್ತದೆ. ತಲೆಕೆಳಗಾಗಿ ಕೂರಿಸಿದರೆ ಇಂಧನವು ಗ್ಲೋ ಪ್ಲಗ್‌ನ ಮೇಲೆ ಇಳಿದು, ಚಾಲೂ ಮಾಡುವಾಗ ಕಾಟ. ಹಾಗಾಗಿ ಸಿಲಿಂಡರನ್ನು ಬಲಕ್ಕೆ ಮಲಗಿಸುವುದೇ ನನಗೆ ಒಪ್ಪಿಗೆ. ಆಗ ಸೈಲೆನ್ಸರ್ ಕೆಳಗೆ ಬರುತ್ತದೆ, ಹೊಗೆ ಮತ್ತು ಎಣ್ಣೆ ಹೊಟ್ಟೆಯ ಕೆಳಗಿನಿಂದ ಹೋಗುತ್ತವೆ, ತಲೆ ಮಾತ್ರ ಬಲಕೆನ್ನೆಯಲ್ಲಿ ಸ್ವಲ್ಪ ಇಣುಕುತ್ತದೆ.

ಅಚ್ಚಿನಿಂದ ಬಂದ ಕೌಲ್‌ನಲ್ಲಿ ಇದಕ್ಕೆಲ್ಲ ಬೇಕಾದ ಯಾವ ತೂತೂ ಇರುವುದಿಲ್ಲ. ಹೊರಮೈಯಲ್ಲಿ ಜೆಲ್‌ಕೋಟ್ ಎಂಬ ನುಣುಪಾದ ಗಡಸು ಪದರ, ಅದರ ಹಿಂದೆ ರೆಸಿನ್ ಕುಡಿದ ಗಾಜಿನ ನಾರಿನ ಬಟ್ಟೆ. ಎಲ್ಲ ಸೇರಿ ದಪ್ಪ ಸುಮಾರು ಒಂದು ಮಿಲಿಮೀಟರ್. ಅಚ್ಚಿಗೆ ಅಂಟದಿರಲೆಂದು ಬಳಿದ ಮೇಣ ಇನ್ನೂ ಮೈಮೇಲೆ ಇರುತ್ತದೆ. ಮೊದಲು ಸೋಪು ನೀರಿನಲ್ಲಿ ಚೆನ್ನಾಗಿ ತೊಳೆಯಬೇಕು. ಇಲ್ಲವಾದರೆ ಪೆನ್ಸಿಲ್ ಗೆರೆಯೂ ನಿಲ್ಲದು, ಮುಂದೆ ಬಣ್ಣವೂ ಹಿಡಿಯದು.

ಕತ್ತರಿಸುವ ಮೊದಲು ಧೂಳಿನ ವಿಷಯ ಹೇಳಲೇಬೇಕು. ಇದನ್ನು ಹಗುರವಾಗಿ ಕಾಣುವವರನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಈ ಬಟ್ಟೆಯ ಒಂದೊಂದು ಎಳೆಯೂ ಕೂದಲಿಗಿಂತ ಎಷ್ಟೋ ತೆಳುವಾದ ಗಾಜು. ಉಜ್ಜಿದಾಗ ಏಳುವ ಪುಡಿ ಚರ್ಮಕ್ಕೆ ಚುಚ್ಚಿ ನವೆ ಎಬ್ಬಿಸುತ್ತದೆ, ಕಣ್ಣು ಉರಿಸುತ್ತದೆ, ಶ್ವಾಸಕೋಶಕ್ಕೆ ಇಳಿಯುತ್ತದೆ. ಕರವಸ್ತ್ರ ಕಟ್ಟಿಕೊಂಡರೆ ಸಾಲದು. ಕೋವಿಡ್ ಕಾಲದಲ್ಲಿ ಎಲ್ಲರ ಮನೆಗೂ ಬಂದ ಎನ್ 95 ಮುಖಗವಸನ್ನು ಮೂಗಿಗೆ ಬಿಗಿಯಾಗಿ ಕೂರುವಂತೆ ಹಾಕಿಕೊಳ್ಳಿ. ಕಣ್ಣಿಗೆ ಕನ್ನಡಕ, ಮೈಗೆ ತುಂಬುತೋಳಿನ ಅಂಗಿ. ಕೆಲಸ ಅಂಗಳದಲ್ಲಿ ಆಗಲಿ, ಮಕ್ಕಳು ಓಡಾಡುವ, ಮಲಗುವ ಕೋಣೆಯಲ್ಲಿ ಬೇಡ. ಕೈಯಿಂದ ಉಜ್ಜುವಾಗ ವಾಟರ್ ಪೇಪರನ್ನು ನೀರಿನಲ್ಲಿ ಅದ್ದಿ ಉಜ್ಜಿದರೆ ಪುಡಿ ಏಳುವುದೇ ಇಲ್ಲ. ಮುಗಿದ ಮೇಲೆ ಕೈಕಾಲಿಗೆ ಮೊದಲು ತಣ್ಣೀರು ಹೊಯ್ದುಕೊಳ್ಳಿ, ಆ ಬಟ್ಟೆಯನ್ನು ಬೇರೆ ಬಟ್ಟೆಗಳ ಜೊತೆ ಒಗೆಯಲು ಹಾಕಬೇಡಿ.

ಮೊದಲ ಅಳತೆ ಮುಂದಿನದು. ಪ್ರೊಪೆಲ್ಲರ್‌ನ ನಡುವೆ ಟೊಪ್ಪಿಗೆಯಂತೆ ಕೂರುವ ಸ್ಪಿನ್ನರ್‌ಗೂ ಕೌಲ್‌ನ ಮೂತಿಗೂ ನಡುವೆ 2ರಿಂದ 3 ಮಿಲಿಮೀಟರ್ ಸಂದಿ ಬೇಕು. ಎಂಜಿನ್ ಅದುರುವಾಗ ಒಂದಕ್ಕೊಂದು ತಾಗಬಾರದು. ಹಾಗೆಂದು ಬೆರಳು ತೂರುವಷ್ಟು ಸಂದಿಯೂ ಚೆನ್ನಲ್ಲ. ಸಂದಿಯ ದಪ್ಪಕ್ಕೆ ಸಮನಾದ ರಟ್ಟಿನ ಬಳೆಯೊಂದನ್ನು ಕತ್ತರಿಸಿ, ಸ್ಪಿನ್ನರ್‌ನ ಹಿಂದಿನ ಬಿಲ್ಲೆಗೂ ಕೌಲ್‌ಗೂ ನಡುವೆ ಇಟ್ಟು ಟೇಪ್ ಹಾಕಿಬಿಡಿ. ಆಗ ಕೌಲ್ ಎಂಜಿನ್‌ನ ದಂಡಕ್ಕೆ ಸರಿಯಾಗಿ ತಾನೇ ನಿಲ್ಲುತ್ತದೆ, ಹಿಂದಿನ ಅಂಚು ವಿಮಾನದ ಒಡಲಿನ ಮೇಲೆ ಎಲ್ಲಿಗೆ ಬರುತ್ತದೆ ಎಂಬುದೂ ಕಾಣುತ್ತದೆ. ಇಲ್ಲಿ ಒಂದು ಸೂಕ್ಷ್ಮ ಇದೆ. ಪ್ರೊಪೆಲ್ಲರ್ ಎಳೆತ ವಿಮಾನವನ್ನು ಎಡಕ್ಕೆ ತಿರುಗಿಸದಿರಲೆಂದು ಎಂಜಿನನ್ನು ಒಂದೆರಡು ಡಿಗ್ರಿ ಬಲಕ್ಕೆ ಓರೆ ಮಾಡಿ ಬಿಗಿದಿರುತ್ತಾರೆ. ಬುಡವನ್ನು ಅಷ್ಟೇ ಎಡಕ್ಕೆ ಸರಿಸದಿದ್ದರೆ ದಂಡ ಮೂತಿಯ ನಡುವಿಗೆ ಬರುವುದಿಲ್ಲ. ಅದನ್ನು ಎಂಜಿನ್ ಬಿಗಿಯುವಾಗಲೇ ನೋಡಿಕೊಳ್ಳಬೇಕು, ಕೌಲನ್ನು ಕತ್ತರಿಸಿ ಸರಿಮಾಡಲು ಹೋಗಬಾರದು.

ಹಿಂದಿನ ಅಂಚು ಒಡಲಿನ ಮೇಲೆ 8-10 ಮಿಲಿಮೀಟರ್ ಹತ್ತಿ ಕೂತರೆ ಸಾಕು. ಹೆಚ್ಚಾದದ್ದನ್ನು ಗೆರೆ ಹಾಕಿ ತೆಗೆಯಿರಿ.

ಇನ್ನು ನಿಜವಾದ ಪ್ರಶ್ನೆ. ಕೌಲ್ ಎಂಜಿನನ್ನು ಮುಚ್ಚಿಬಿಟ್ಟ ಮೇಲೆ ಒಳಗಿರುವ ತಲೆ, ಸೈಲೆನ್ಸರ್, ಇಂಧನದ ಹರಿವನ್ನು ಹೊಂದಿಸುವ ನೀಡಲ್ ವಾಲ್ವ್ ಎಲ್ಲಿವೆ ಎಂದು ಹೊರಗಿನಿಂದ ತಿಳಿಯುವುದು ಹೇಗೆ? ಇದಕ್ಕೆ ಮಾದರಿಕಾರರು ಬಹಳ ಹಿಂದೆಯೇ ಕಂಡುಕೊಂಡ ಉಪಾಯವೊಂದಿದೆ, ನನಗೆ ಅದು ಬಹಳ ಇಷ್ಟ. ಮನೆಯ ಹಳೆಯ ಎಕ್ಸ್-ರೇ ಫಿಲ್ಮ್ ಒಂದನ್ನು ತೆಗೆದುಕೊಳ್ಳಿ. ಅದು ಬಗ್ಗುತ್ತದೆ, ಆದರೆ ಸುಕ್ಕಾಗುವುದಿಲ್ಲ. ಕೌಲನ್ನು ಪಕ್ಕಕ್ಕಿಟ್ಟು, ಫಿಲ್ಮ್‌ನ ಹಿಂದಿನ ಅಂಚನ್ನು ಒಡಲಿನ ಮೈಗೆ ಟೇಪ್‌ನಿಂದ ಅಂಟಿಸಿ. ಮುಂದಿನ ಭಾಗ ಎಂಜಿನ್‌ನ ಮೇಲೆ ಬಾಗಿಲಿನಂತೆ ಮಡಚಿ ಬರುವಂತಿರಲಿ. ಈಗ ಸಿಲಿಂಡರ್‌ನ ತಲೆ ಸರಿಯಾಗಿ ತೂರುವಂತೆ ಫಿಲ್ಮ್‌ನಲ್ಲಿ ತೂತು ಮಾಡಿ. ಆಮೇಲೆ ಫಿಲ್ಮನ್ನು ಹಿಂದಕ್ಕೆ ಮಡಚಿ, ಎಂಜಿನ್ ಬಿಚ್ಚಿ, ಕೌಲ್ ತೊಡಿಸಿ, ಫಿಲ್ಮನ್ನು ಮತ್ತೆ ಅದರ ಮೇಲೆ ಬಿಡಿ. ತೂತು ತನ್ನ ಜಾಗಕ್ಕೆ ತಾನೇ ಬಂದು ಕೂರುತ್ತದೆ. ತೂತಿನ ಅಂಚಿಗೆ ಪೆನ್ಸಿಲ್ ಸುತ್ತಿಸಿದರೆ ಗೆರೆ ಸಿದ್ಧ. ಎಂಜಿನ್ ಬಿಚ್ಚಿದ ಮೇಲೂ ಕೌಲ್ ಸರಿಯಾದ ಜಾಗದಲ್ಲೇ ನಿಲ್ಲಲು, ಹಿಂದಿನ ಅಂಚು ಮತ್ತು ನಡುಗೆರೆಯನ್ನು ಒಡಲಿನ ಮೇಲೆ ಮೊದಲೇ ಗುರುತು ಮಾಡಿಕೊಂಡಿರಬೇಕು. ಸ್ಕ್ರೂಗಳಿಗೂ ಇದೇ ಉಪಾಯ. ಫಿಲ್ಮ್‌ನ ಪಟ್ಟಿಯಲ್ಲಿ ತೂತು ಮಾಡಿ ಅಂಟಿಸಿಟ್ಟುಕೊಂಡರೆ, ಸ್ಕ್ರೂ ಹಿಡಿಯುವ, ಕೌಲ್‌ನ ಅಡಿಯಲ್ಲಿ ಮರೆಯಾದ ಮರದ ತುಂಡು ಎಲ್ಲಿದೆ ಎಂದು ಹುಡುಕಾಡುವ ಪ್ರಸಂಗ ಬರುವುದಿಲ್ಲ.

ಗೆರೆ ಎಷ್ಟೇ ಸರಿಯಾಗಿದ್ದರೂ ಅದರವರೆಗೆ ಒಂದೇ ಸಲ ಕತ್ತರಿಸಬೇಡಿ. ಎಂಜಿನ್‌ನ ಮೇಲೆ ಬಾಗಿದಾಗ ಮತ್ತು ಕೌಲ್‌ನ ಉಬ್ಬಿನ ಮೇಲೆ ಬಾಗಿದಾಗ ಫಿಲ್ಮ್‌ನ ಸುತ್ತಳತೆ ಬೇರೆಬೇರೆ, ಹಾಗಾಗಿ ತೂತು ಸ್ವಲ್ಪ ಮುಂದೆ ಹಿಂದೆ ಆಗುತ್ತದೆ. ಒಳ್ಳೆಯ ದರ್ಜಿ ಕಂಕುಳನ್ನು ಬಿಗಿಯಾಗಿಯೇ ಕತ್ತರಿಸಿ, ತೊಡಿಸಿ ನೋಡಿ, ಆಮೇಲೆ ಸಡಿಲಿಸುವ ಹಾಗೆ ಇಲ್ಲೂ ಗೆರೆಯ ಒಳಗೆ 3 ಮಿಲಿಮೀಟರ್ ಬಿಟ್ಟು ಶುರುಮಾಡಬೇಕು. ಗೆರೆಯ ಮೇಲೆ ಮಾಸ್ಕಿಂಗ್ ಟೇಪ್ ಇದ್ದರೆ ಜೆಲ್‌ಕೋಟ್ ಚಕ್ಕೆ ಏಳುವುದಿಲ್ಲ. ನಡುವೆ 3 ಮಿಲಿಮೀಟರ್‌ನ ತೂತು ಕೊರೆದು, ಕೈಯಲ್ಲಿ ಹಿಡಿಯುವ ರೋಟರಿ ಉಪಕರಣಕ್ಕೆ ಮರಳು ಉರುಳೆ ಅಥವಾ ಕಾರ್ಬೈಡ್ ತುದಿ ಹಾಕಿ, ನಡುವಿನಿಂದ ಅಂಚಿಗೆ ಸುತ್ತುತ್ತ ತಿನ್ನಿಸುತ್ತ ಬನ್ನಿ. ಮಾಮೂಲಿ ಉಕ್ಕಿನ ಬ್ಲೇಡ್ ಗಾಜಿನ ಮೇಲೆ ಬಹುಬೇಗ ಮೊಂಡಾಗುತ್ತದೆ. ಮೊಂಡಾದ ಮೇಲೆ ಅದು ಕತ್ತರಿಸುವುದಿಲ್ಲ, ನಾರನ್ನು ಹರಿಯುತ್ತದೆ. ಅಂಥ ಉಪಕರಣ ಇಲ್ಲದವರು ನಿರಾಶರಾಗಬೇಕಾಗಿಲ್ಲ. ಗೆರೆಯ ಒಳಗೆ ಸಾಲಾಗಿ ತೂತು ಕೊರೆದು, ನಡುವಿನ ತುಂಡನ್ನು ತೆಗೆದು, ಅರ್ಧವೃತ್ತದ ಅರದಿಂದ ಉಜ್ಜಿದರೆ ಅಂಚು ಅಷ್ಟೇ ಚೆನ್ನಾಗಿ ಬರುತ್ತದೆ. ಹೊತ್ತು ಹೆಚ್ಚು ಬೇಕು, ಅಷ್ಟೆ. ಅರವನ್ನು ಹೊರಗಿನಿಂದ ಒಳಕ್ಕೆ ಮಾತ್ರ ತಳ್ಳಿ. ಒಳಗಿನಿಂದ ಹೊರಕ್ಕೆ ತಳ್ಳಿದರೆ ಜೆಲ್‌ಕೋಟ್ ಒಡೆಯುತ್ತದೆ.

ಚೌಕ ಮೂಲೆ ಎಲ್ಲೂ ಇರಬಾರದು. ಎಂಜಿನ್ ನಿಮಿಷಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಸಲ ತಿರುಗುತ್ತದೆ. ಆ ಅದುರು ಚೂಪು ಮೂಲೆಯಲ್ಲಿ ಸೇರಿ ಬಿರುಕು ಬಿಡಿಸುತ್ತದೆ. ಮೂಲೆಗಳೆಲ್ಲ ದುಂಡಗಿರಲಿ. ಸಿಲಿಂಡರ್‌ನ ತಲೆಯ ಸುತ್ತ 3-4 ಮಿಲಿಮೀಟರ್, ಬಿಸಿಯಾಗುವ ಸೈಲೆನ್ಸರ್ ಸುತ್ತ 5 ಮಿಲಿಮೀಟರ್ ಬಿಡುವಿರಲಿ. ನೀಡಲ್ ವಾಲ್ವ್‌ಗೆ ಅದರ ಕಡ್ಡಿ ತೂರುವಷ್ಟು ತೂತು ಸಾಕು. ಪ್ಲಗ್‌ಗೆ ಬ್ಯಾಟರಿ ಕೊಡಲು ಕೈ ಪ್ರೊಪೆಲ್ಲರ್‌ನ ಹತ್ತಿರ ಹೋಗಬೇಕಾಗಿ ಬಂದರೆ, ತೂತನ್ನು ದೊಡ್ಡದು ಮಾಡುವ ಬದಲು ತಂತಿಯನ್ನು ಕೌಲ್‌ನ ಹಿಂಬದಿಗೆ ಎಳೆದು ಅಲ್ಲಿ ಸಂಪರ್ಕ ಕೊಡುವುದು ಕ್ಷೇಮ. ಬೆರಳಿಗಿಂತ ಅಂದ ದೊಡ್ಡದಲ್ಲ ಎಂಬುದು ಈ ಹವ್ಯಾಸದಲ್ಲಿ ಎಲ್ಲರೂ ಒಪ್ಪುವ ಮಾತು. ಇಲ್ಲಿ ಎರಡನ್ನೂ ಉಳಿಸಿಕೊಳ್ಳಬಹುದು.

ಇಷ್ಟಾದರೆ ಕೌಲ್ ಕೂತಂತಾಯಿತು. ಆದರೆ ಕೆಲಸ ಅರ್ಧವೇ ಆಗಿದೆ.

ಪುಷ್ಪಕ್‌ನ ಮೂತಿಯಲ್ಲಿ ಎರಡು ಬಾಯಿ ಇರಬೇಕು, ಅಂದಕ್ಕೆ ಅದು ಅಗತ್ಯ. ಆದರೆ ನಮ್ಮ ಸಿಲಿಂಡರ್ ಇರುವುದು ಬಲಗಡೆ ಮಾತ್ರ. ಎಡಬಾಯಿಯಿಂದ ನುಗ್ಗಿದ ಗಾಳಿ ಯಾವ ಬಿಸಿಯನ್ನೂ ಹೊರದೆ ಒಳಗೆಲ್ಲ ತುಂಬಿಕೊಂಡು, ಬಲಬಾಯಿಯಿಂದ ಬರಬೇಕಾದ ಗಾಳಿಗೇ ಅಡ್ಡ ನಿಲ್ಲುತ್ತದೆ. ಆದ್ದರಿಂದ ಎಡಬಾಯಿಯ ಹಿಂದೆ ತೆಳು ಪ್ಲೈವುಡ್ ಅಂಟಿಸಿ ಕಪ್ಪು ಬಣ್ಣ ಬಳಿಯಿರಿ. ನೋಡುವವರ ಕಣ್ಣಿಗೆ ಅದು ತೆರೆದ ಬಾಯಿಯೇ. ಬಲಬಾಯಿಯ ಹಿಂದೆ ಬಾಲ್ಸಾ ಹಲಗೆಯ ಎರಡು ಗೋಡೆ ಕಟ್ಟಿ, ಗಾಳಿ ಸಿಲಿಂಡರ್‌ನ ರೆಕ್ಕೆಪಟ್ಟಿಗಳ ನಡುವೆಯೇ ಹಾದುಹೋಗುವಂತೆ ಮಾಡಿ. ಗೋಡೆಗೂ ಪಟ್ಟಿಗೂ ನಡುವೆ ಒಂದೆರಡು ಮಿಲಿಮೀಟರ್ ಸಾಕು. ಗಾಳಿಗೆ ಯಾವಾಗಲೂ ಸುಲಭದ ದಾರಿ ಬೇಕು. ಪಕ್ಕದಲ್ಲಿ ಜಾಗ ಕೊಟ್ಟರೆ ಅದು ಬಿಸಿ ಲೋಹದ ಸಂದಿಗೆ ನುಗ್ಗುವುದಿಲ್ಲ.

ಹೊರದಾರಿ ಎಲ್ಲಕ್ಕಿಂತ ಮುಖ್ಯ, ಎಲ್ಲರೂ ಮರೆಯುವುದೂ ಅದನ್ನೇ. ಎಂಜಿನ್ ಕಾಯುತ್ತಿದೆ ಎಂದು ಕಂಡ ಕೂಡಲೇ ಮುಂದಿನ ಬಾಯಿಯನ್ನು ದೊಡ್ಡದು ಮಾಡುವವರಿದ್ದಾರೆ. ಗಾಳಿ ಒಳಗೆ ಸೇರಿಕೊಂಡು ಹೊರಗೆ ಹೋಗಲು ದಾರಿ ಕಾಣದಿದ್ದರೆ ಒಳಗೆ ಒತ್ತಡ ಏರುತ್ತದೆ, ಹೊಸ ಗಾಳಿ ಬಾಯಿಗೆ ಬಂದು ಒಳಗೆ ಹೋಗಲಾರದೆ ಪಕ್ಕಕ್ಕೆ ಚೆಲ್ಲಿಹೋಗುತ್ತದೆ. ಬಾಯಿ ಎಷ್ಟು ದೊಡ್ಡದಾದರೂ ಪ್ರಯೋಜನವಿಲ್ಲ. ಮಾದರಿಕಾರರ ಅನುಭವದ ಲೆಕ್ಕ ಇಷ್ಟು: ಹೊರಬಾಯಿಯ ವಿಸ್ತೀರ್ಣ ಒಳಬಾಯಿಯ ಎರಡು ಪಟ್ಟಾದರೂ ಇರಬೇಕು, ಮೂರು ಪಟ್ಟಾದರೆ ಇನ್ನೂ ಒಳ್ಳೆಯದು. ಕಾದ ಗಾಳಿ ಹಿಗ್ಗಿರುತ್ತದೆ, ಪಟ್ಟಿಗಳ ನಡುವೆ ತೂರಿ ತನ್ನ ಒತ್ತನ್ನೂ ಕಳೆದುಕೊಂಡಿರುತ್ತದೆ. ಅದಕ್ಕೆ ದೊಡ್ಡ ಬಾಗಿಲು ಬೇಕು. ಜಾಗ ಕೌಲ್‌ನ ಕೆಳಗೆ, ತೀರ ಹಿಂದೆ. ತೂತಿನ ಮುಂದಿನ ಅಂಚಿಗೆ ಕೆಳಮುಖವಾದ ಪುಟ್ಟ ತುಟಿಯೊಂದನ್ನು ಅಂಟಿಸಿದರೆ, ಹೊರಗೆ ಹರಿಯುವ ಗಾಳಿ ಅದರ ಹಿಂದೆ ಕಡಿಮೆ ಒತ್ತಡ ಉಂಟುಮಾಡಿ ಒಳಗಿನದನ್ನು ಎಳೆದುಕೊಳ್ಳುತ್ತದೆ. ಸೈಲೆನ್ಸರ್‌ಗೆಂದು ಕೆಳಗೆ ತೆಗೆದ ತೂತನ್ನೇ ಹಿಂದಕ್ಕೆ ಬೆಳೆಸಿದರೆ ಪುಷ್ಪಕ್‌ನ ಅಂದಕ್ಕೂ ಕುಂದಿಲ್ಲ. ಬ್ಯಾಟರಿ ಮೋಟಾರ್ ಕೂರಿಸುವವರೂ ಇದನ್ನು ಕೇಳಿಸಿಕೊಳ್ಳಬೇಕು: ವೇಗ ನಿಯಂತ್ರಕಕ್ಕೂ ಬ್ಯಾಟರಿಗೂ ಹರಿಯುವ ಗಾಳಿಯೇ ಬೇಕು, ನಿಂತ ಗಾಳಿಯಲ್ಲ.

ಕತ್ತರಿಸಿದ ಅಂಚಿನಲ್ಲಿ ಈಗ ನಾರಿನ ತುದಿಗಳು ತೆರೆದಿರುತ್ತವೆ. ಎಣ್ಣೆ ಅಲ್ಲಿಂದ ಒಳಸೇರಿ ಪದರ ಬಿಡಿಸುತ್ತದೆ. ತೆಳುವಾದ ಎಪಾಕ್ಸಿಯನ್ನು ಅಂಚಿಗೆ ಸವರಿ ಮುಚ್ಚಿ. ದೊಡ್ಡ ತೂತಿನ ಸುತ್ತ ಒಳಗಿನಿಂದ ಗಾಜಿನ ಬಟ್ಟೆಯ ಒಂದು ಪಟ್ಟಿ ಅಂಟಿಸಿದರೆ ಕಳೆದುಹೋದ ಬಲ ಮರಳುತ್ತದೆ. ತೂತು ಎಲ್ಲಾದರೂ ಜಾಗ ತಪ್ಪಿದರೂ ಇದೇ ಮದ್ದು: ಹೊರಗಿನಿಂದ ಟೇಪ್ ಹಾಕಿ, ಒಳಗಿನಿಂದ ಬಟ್ಟೆ ಮತ್ತು ಎಪಾಕ್ಸಿ ಹಾಕಿ, ಗಟ್ಟಿಯಾದ ಮೇಲೆ ಹೊರಮೈ ಉಜ್ಜಿದರೆ ತೂತು ಇದ್ದದ್ದೇ ಕಾಣದು. ಫೈಬರ್‌ಗ್ಲಾಸ್‌ನ ಈ ಗುಣಕ್ಕಾಗಿ ನಾನು ಅದನ್ನು ಪ್ಲಾಸ್ಟಿಕ್ ಕೌಲ್‌ಗಿಂತ ಎಷ್ಟೋ ಮೇಲೆ ಇಡುತ್ತೇನೆ. ಬಣ್ಣದ ಆಯ್ಕೆಯಲ್ಲಿ ಎಚ್ಚರ ಬೇಕು. ಇಂಧನದಲ್ಲಿರುವ ಮೆಥನಾಲ್ ಮಾಮೂಲಿ ಬಣ್ಣವನ್ನು ಮೆತ್ತಗೆ ಮಾಡಿಬಿಡುತ್ತದೆ. ಕಾರಿಗೆ ಹೊಡೆಯುವ, ಗಟ್ಟಿಕಾರಕ ಬೆರೆಸುವ ಪಾಲಿಯುರೆಥೇನ್ ಬಣ್ಣ ತಾಳುತ್ತದೆ. ಸ್ಕ್ರೂಗಳನ್ನು ಬರಿ ಫೈಬರ್‌ಗ್ಲಾಸ್ ಮೇಲೆ ಬಿಗಿಯಬೇಡಿ, ಇಂಧನದ ಸಿಲಿಕೋನ್ ಕೊಳವೆಯಿಂದ ಕತ್ತರಿಸಿದ ಸಣ್ಣ ಬಿಲ್ಲೆಯನ್ನು ತಲೆಯ ಕೆಳಗೆ ಹಾಕಿ. ಅದುರಿಗೆ ಸ್ಕ್ರೂ ಸಡಿಲವಾಗುವುದಿಲ್ಲ, ತೂತೂ ಸವೆಯುವುದಿಲ್ಲ.

ಈಗ ಪರೀಕ್ಷೆ. ಮೊದಲು ಕೌಲ್ ಇಲ್ಲದೆ, ನೆಲದ ಮೇಲೆ ಎಂಜಿನ್ ಓಡಿಸಿ ನೀಡಲ್ ಎಲ್ಲಿ ಸರಿಹೋಗುತ್ತದೆ ಎಂದು ಗುರುತು ಮಾಡಿಕೊಳ್ಳಿ. ಕೌಲ್ ಹಾಕಿದ ಮೇಲೆ ಅದನ್ನು ಒಂದೆರಡು ಕ್ಲಿಕ್ ತೆರೆದು, ಇಂಧನ ಸ್ವಲ್ಪ ಹೆಚ್ಚೇ ಹೋಗುವಂತೆ ಇಟ್ಟುಕೊಂಡು ಹಾರಿಸಿ. ಮೊದಲ ಹಾರಾಟ ಗಿಡ್ಡವಾಗಿರಲಿ. ಮೇಲೇರುವಾಗ ಎಂಜಿನ್‌ನ ಸ್ವರ ನಿಧಾನವಾಗಿ ಕುಗ್ಗುತ್ತ ಬಂದರೆ ಅದು ಕಾಯುತ್ತಿದೆ ಎಂದರ್ಥ. ಥ್ರಾಟಲ್ ಇಳಿಸಿ, ಎಂಜಿನ್ ನಿಲ್ಲುವ ಮೊದಲೇ ವಿಮಾನ ಇಳಿಸಿಬಿಡಿ.

ಇಳಿಸಿದ ಮೇಲೆ ಕೌಲ್ ಬಿಚ್ಚಿ ಒಳಮೈ ನೋಡಿ. ನಮ್ಮಲ್ಲಿ ಬಹಳ ಮಂದಿ ಬಳಸುವುದು ಮೆಥನಾಲ್‌ಗೆ ಐದರಲ್ಲೊಂದು ಪಾಲು ಹರಳೆಣ್ಣೆ ಬೆರೆಸಿದ ಇಂಧನ. ಹರಳೆಣ್ಣೆ ಪೂರ್ತಿ ಉರಿಯುವುದಿಲ್ಲ. ಎಂಜಿನ್‌ನ ಸಂದಿಗಳಿಂದ ಜಿನುಗಿದ್ದು ಗಾಳಿ ಹೋದ ದಾರಿಯಲ್ಲೇ ಹರಿದು ಗೆರೆ ಬಿಟ್ಟಿರುತ್ತದೆ. ಗೆರೆಗಳು ಸಿಲಿಂಡರ್‌ನಿಂದ ಹೊರಟು ಹಿಂದಿನ ಹೊರಬಾಯಿಯ ಕಡೆಗೆ ನೆಟ್ಟಗೆ ಹೋಗಿದ್ದರೆ ಗಾಳಿ ನೀವು ಹೇಳಿದಂತೆ ಕೇಳಿದೆ. ಯಾವುದಾದರೂ ಮೂಲೆಯಲ್ಲಿ ಎಣ್ಣೆ ಸುರುಳಿ ಸುತ್ತಿ ಮಡುಗಟ್ಟಿದ್ದರೆ ಅಲ್ಲಿ ಗಾಳಿ ನಿಂತಿದೆ. ಬಾಲ್ಸಾದ ಗೋಡೆಯನ್ನು ಅಲ್ಲಿಗೆ ಚಾಚಬೇಕು, ಅಥವಾ ಹೊರಬಾಯಿಯನ್ನು ಆ ಕಡೆಗೆ ಒಂದಿಷ್ಟು ಅಗಲಿಸಬೇಕು. ಗುರುತು ಮಾಡಿಕೊಂಡ ಮೇಲೆ ಸೋಪು ನೀರಿನಲ್ಲಿ ಒಳಮೈ ಒರೆಸಿ, ಸ್ಕ್ರೂ ತೂತುಗಳ ಸುತ್ತ ಕೂದಲೆಳೆಯ ಬಿರುಕು ಬಿಟ್ಟಿದೆಯೇ ನೋಡಿ, ಬೇಕಾದಲ್ಲಿ ಗೋಡೆ ಕೂರಿಸಿ, ಮತ್ತೊಮ್ಮೆ ಹಾರಿಸಿ.